ಒಂದನೇ ನಂಬರಿನ ಗಾಜು

ಸತ್ತವಳು ರೊಟ್ಟಿ ಬಡಿಯುತ್ತಿದ್ದಳು.

ಹಲಸಂಗಿಯ ಆ ಮನೆಯ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದ ರಾಚಪ್ಪ ಅವಳನ್ನು ಕಣ್ತುಂಬ ನೋಡಿದ. ಮೂವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಬಡಿತದ ಸದ್ದು ಹೊರಗೆ ನಿಂತ ಜೀಪಿನವರೆಗೂ ಕೇಳುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಉಬ್ಬಿ ಬಂತು, ಅವಳು ಬರಿಗೈಯಲ್ಲಿ ಅದನ್ನು ತಿರುವಿ ಹಾಕಿದಳು.

ರಾಚಪ್ಪನ ಅಂಗಿಯ ಜೇಬಿನಲ್ಲಿ ಸರಕಾರಿ ಕಾರ್ಡೊಂದಿತ್ತು. ‘ಲಕ್ಕವ್ವ, ಮುಕ್ಕಾಮ ಇಂಗಳೇಶ್ವರ, ಗಾಜಿನ ನಂಬರು ಒಂದು. ಮರಣ.’ ಅದರ ಕೆಳಗೆ ಮನೆಯವರದೆಂದು ಒತ್ತಿದ ಯಾರದೋ ಹೆಬ್ಬೆಟ್ಟಿನ ಗುರುತು. ಮೂರು ವಾರಗಳಿಂದ ಬಿಜಾಪುರದ ಜಿಲ್ಲಾ ಆರೋಗ್ಯಾಧಿಕಾರಿಯ ನಿದ್ದೆ ಕೆಡಿಸಿದ್ದು ಇದೇ ಕಾರ್ಡು. ನಿವೃತ್ತ ಫೌಜದಾರ ರಾಚಪ್ಪನನ್ನು ಅವರು ಸದ್ದಿಲ್ಲದೆ ಕರೆಸಿಕೊಂಡದ್ದೂ ಇದರ ಸಲುವಾಗಿಯೇ.

ಸಂಗತಿ ಇಷ್ಟೇ. ಶ್ರಾವಣದಲ್ಲಿ ಇಂಗಳೇಶ್ವರದ ಸಾಲೆಯಲ್ಲಿ ಹೆಂಗಸರ ಕ್ಯಾನ್ಸರ್ ತಪಾಸಣೆ ನಡೆದಿತ್ತು. ಗರ್ಭಕೋಶದ ಬಾಯಿಯಿಂದ ತೆಗೆದ ಲೋಳೆಯನ್ನು ಗಾಜಿನ ಪಟ್ಟಿಗೆ ಸವರಿ, ನಂಬರು ಹಾಕಿ, ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದ್ದರು. ಇನ್ನೂರ ಹನ್ನೆರಡು ಗಾಜುಗಳಲ್ಲಿ ಒಂದರಲ್ಲಿ ಮಾತ್ರ ರೋಗ ಸಿಕ್ಕಿತು. ಅದು ಒಂದನೇ ನಂಬರಿನದು.

‘ಇನ್ನೂ ಆರಂಭದ ಹಂತ. ರೇಡಿಯಂ ಚಿಕಿತ್ಸೆ ಕೊಟ್ಟರೆ ಪೂರ್ತಿ ಗುಣವಾಗುತ್ತದೆ. ತಡವಾದರೆ ನಮ್ಮ ಕೈಯಲ್ಲಿಲ್ಲ’ ಎಂದು ಬೆಂಗಳೂರಿನವರು ಬರೆದರು. ಹುಡುಕಹೋದರೆ ಹೆಂಗಸೇ ಇಲ್ಲ. ಮರಣ ಎಂದು ಕಾರ್ಡು ಬಂತು, ಆದರೆ ಹುಟ್ಟುಸಾವು ಬರೆದಿಡುವ ಊರ ತಲಾಟಿಯ ಪುಸ್ತಕದಲ್ಲಿ ಆ ಮರಣದ ದಾಖಲೆ ಇರಲಿಲ್ಲ. ಆರೋಗ್ಯಾಧಿಕಾರಿ ಕೈಕಾಲು ಹಿಡಿದು ಬೆಂಗಳೂರಿನಲ್ಲಿ ಒಂದು ಹಾಸಿಗೆಯನ್ನು ಸೋಮವಾರ ಮುಂಜಾನೆಯವರೆಗೆ ಕಾಯ್ದಿರಿಸಿದ್ದರು. ಇಡೀ ರಾಜ್ಯಕ್ಕೆ ಇರುವ ಹಾಸಿಗೆಗಳು ಬೆರಳೆಣಿಕೆಯಷ್ಟು. ಸೋಮವಾರ ದಾಟಿದರೆ ಅದು ಬೇರೆಯವರ ಪಾಲು.

ಇವತ್ತು ಶನಿವಾರ.

ಸತ್ತವಳನ್ನು ರಾಚಪ್ಪ ಹುಡುಕಿದ್ದು ಹೇಗೆ? ಬಹಳ ಸುಲಭ, ಆದರೆ ಮೂರು ಕಚೇರಿಗಳ ತಲೆಗೆ ಹೊಳೆದಿರಲಿಲ್ಲ. ತಪಾಸಣೆಯ ತಾರೀಖನ್ನು ಬೆಂಗಳೂರಿನವರು ಗೊತ್ತು ಮಾಡಿದರು. ಬಿಜಾಪುರದವರು ಅದಕ್ಕೆ ಸಹಿ ಹಾಕಿದರು. ಬಸವನ ಬಾಗೇವಾಡಿಯವರು ಡಂಗುರ ಹೊಡೆಸಿದರು. ಮೂರೂ ಕಡೆ ಗೋಡೆಯ ಮೇಲೆ ಕ್ಯಾಲೆಂಡರು ತೂಗುತ್ತಿತ್ತು. ಅದು ನಾಗರ ಪಂಚಮಿಯ ವಾರ ಎಂಬುದನ್ನು ಮಾತ್ರ ಒಬ್ಬ ಮಹಾನುಭಾವನೂ ನೋಡಲಿಲ್ಲ.

ಪಂಚಮಿಗೆ ನಮ್ಮ ಕಡೆ ಊರಿನ ಸೊಸೆಯಂದಿರು ತವರಿಗೆ ಹೋಗಿರುತ್ತಾರೆ, ಊರಿನ ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ. ಜೋಕಾಲಿಯಾಡಿ, ಉಂಡಿ ತಿಂದು, ವಾರದಲ್ಲಿ ಅವರವರ ಗಂಡನ ಮನೆ ಸೇರುತ್ತಾರೆ. ಸಾಲೆಯಲ್ಲಿ ಸಾಲುಗಟ್ಟಿ ನಿಂತವರಲ್ಲಿ ಅರ್ಧಕ್ಕರ್ಧ ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆ ಕೊಟ್ಟ ಹೆಣ್ಣುಮಕ್ಕಳು. ಆದರೆ ರಿಜಿಸ್ಟರಿನಲ್ಲಿ ಎಲ್ಲರ ಮುಕ್ಕಾಮವೂ ಇಂಗಳೇಶ್ವರ. ಎರಡು ತಿಂಗಳ ಮೇಲೆ ಆರೋಗ್ಯ ಇಲಾಖೆಯವರು ಬಂದು, “ಲಕ್ಕವ್ವ ಯಾರ ಮನಿ ಸೊಸಿ?” ಎಂದು ಕೇಳುತ್ತ ತಿರುಗಿದರು. ಸೊಸೆಯಂದಿರಲ್ಲಿ ಆ ಹೆಸರಿನವಳು ಇರಲಿಲ್ಲ.

ನಿನ್ನೆ ರಾಚಪ್ಪ ಒಬ್ಬನೇ ಹೋಗಿ, “ಲಕ್ಕವ್ವ ಯಾರ ಮಗಳು?” ಎಂದು ಕೇಳಿದ. ಅರ್ಧ ತಾಸಿನಲ್ಲಿ ಉತ್ತರ ಸಿಕ್ಕಿತು. ಹಲಸಂಗಿಗೆ ಕೊಟ್ಟಿದ್ದಾರೆ, ಗಂಡ ಹೊಲ ಉಳುವವನು, ಅತ್ತೆ ಜೋರು. ತನ್ನ ಬುದ್ಧಿಗೆ ತಾನೇ ಮೆಚ್ಚಿ ರಾಚಪ್ಪ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ಉಂಡಿದ್ದ.

ಅತ್ತೆ ಶೆಟ್ಟೆವ್ವ ಜೋರಾಗಿಯೇ ಇದ್ದಳು. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದವಳು ತಲೆ ಎತ್ತದೆ ಹೇಳಿದಳು:

“ಪಂಚಮಿಗಿ ಆಕಿ ಹೋಗಿದ್ದು ಉಂಡಿ ತಿನ್ನಾಕ. ತಪಾಸಣಿ ಗಿಪಾಸಣಿ ನಮಗ ಗೊತ್ತಿಲ್ಲ.”

“ಖರೆ ಯವ್ವಾ. ಒಂದ ಮಾತ ಕೇಳಿ ಹೋಗ್ತೇನಿ,” ಎಂದ ರಾಚಪ್ಪ. ಆಮೇಲೆ ಒಲೆಯ ಕಡೆ ತಿರುಗಿದ. “ತಂಗಿ, ಹೆದರಬ್ಯಾಡ. ಸಾಲ್ಯಾಗ ಒಂದನೇ ಚೀಟಿ ನಿಂದ ಇತ್ತಲ್ಲ?”

ಬಡಿತ ನಿಂತಿತು. ಲಕ್ಕವ್ವ ಅತ್ತೆಯ ಮುಖ ನೋಡಿದಳು.

“ಇತ್ರಿ. ಆದ್ರ ನಾ ಮಲಕೊಳ್ಳೇ ಇಲ್ರಿ.”

“ಅಂದ್ರ?”

“ಪರದೆದೊಳಗ ಕರದ್ರು. ಹೋಗಿ ನೋಡ್ತೇನಿ, ಮಂಚ ಐತಿ, ಕಬ್ಬಿಣದ ಸಾಮಾನ ಅದಾವು. ಎದಿ ಧಸಕ್ ಅಂತು. ಹಿಂದಿನ ಬಾಗಲಾ ತಗದು ಓಡಿ ಹೋದೆ. ಮನಿಯಾಗ ಬೈತಾರಂತ ಯಾರಿಗೂ ಹೇಳಿಲ್ಲ.”

ಶೆಟ್ಟೆವ್ವ ಮೊದಲ ಬಾರಿಗೆ ಸೊಸೆಯನ್ನು ಮೆಚ್ಚುಗೆಯಿಂದ ನೋಡಿದಳು. ರಾಚಪ್ಪನಿಗೆ ಮಾತ್ರ ಎಲ್ಲೋ ಕಾಲು ಜಾರಿದಂತಾಯಿತು. ಗಾಜು ಬೆಂಗಳೂರಿಗೆ ಹೋಗಿದೆ, ಗಾಜಿನ ಮೇಲೆ ರೋಗವಿದೆ. ಇವಳು ಮಲಗಿಲ್ಲ.

“ಮತ್ತ ಆ ಮಂಚದ ಮ್ಯಾಲ ಮೊದಲ ಮಲಗಿದವರು ಯಾರು?”

“ನರ್ಸಬಾಯಿ ರಿ. ಶಂಕ್ರೆವ್ವಬಾಯಿ. ನಾ ಅಳಾಕತ್ತಿದ್ದೆ. ‘ಏನೂ ಆಗೂದಿಲ್ಲ, ನಾನ ಮೊದಲ ಮಲಗ್ತೇನಿ, ನೀ ನಿಂತ ನೋಡು’ ಅಂದ್ರು. ಡಾಕ್ಟರಬಾಯಿ ಅವರದು ತಗ್ಯಾಕ ಆ ಕಡಿ ತಿರುಗಿದ್ರು. ನಾ ಈ ಕಡಿ ಓಡಿದೆ.”

ರಾಚಪ್ಪ ಲಕ್ಕವ್ವ ಕೊಟ್ಟ ಬಿಸಿ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಜೀಪಿನ ಕಡೆ ನಡೆದ.

ಬಾಗೇವಾಡಿಯ ನರ್ಸು ಶಂಕ್ರೆವ್ವ. ಅವಳನ್ನು ಅವನು ಚೆನ್ನಾಗಿ ಬಲ್ಲ. ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ನಾಲ್ಕೂ ತಾಲೂಕಿನ ತಪಾಸಣೆಯ ಭಾರ ಹೊತ್ತವಳು ಅವಳೇ. ಬೆಂಗಳೂರಿನ ಹುಕುಂ, ಬಿಜಾಪುರದ ಜೀಪು, ಊರಿನ ಸಾಲೆ, ಗೌಡರ ಒಪ್ಪಿಗೆ ಎಲ್ಲವನ್ನೂ ಒಂದೇ ದಾರದಲ್ಲಿ ಕಟ್ಟಿ ನಡೆಸುವ ಹೆಂಗಸು. ಮೂರು ವಾರ ಅವನ ಮುಂದೆ ನಡೆದು ಇಂಗಳೇಶ್ವರದ ಮನೆಮನೆಯ ಬಾಗಿಲು ಬಡಿದವಳೂ ಅವಳೇ. ‘ಲಕ್ಕವ್ವ ಯಾರ ಮನಿ ಸೊಸಿ?’ ಎಂದು ಪ್ರತಿ ಬಾಗಿಲಲ್ಲೂ ಬೇಕೆಂದೇ ಕೇಳಿದ್ದು ಅವಳ ಬಾಯಿ. ರಾಚಪ್ಪ ಹಿಂದೆ ಹಿಂದೆ ತಲೆಯಾಡಿಸುತ್ತ ಹೋಗಿದ್ದ. ಅದನ್ನು ನೆನೆದು ಅವನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು.

ಡ್ರೈವರ್ ಗೈಬುಸಾಬ ಇಂಜಿನ್ನು ಚಾಲೂ ಮಾಡಿದ. “ಎಲ್ಲಿಗಿ ರಿ ಸಾಹೇಬ್ರ?”

“ಸಿಂದಗಿ. ಇವತ್ತ ಅಲ್ಲಿ ತಪಾಸಣಿ ಐತಿ. ಲಗು ನಡಿ.”

ಇಂಡಿ ದಾಟಿದ ಮೇಲೆ ರಾಚಪ್ಪ ಕಾರ್ಡು ತೆಗೆದು ಬಿಸಿಲಿಗೆ ಹಿಡಿದ. ನೂರು ಸಲ ನೋಡಿದ್ದ ಹೆಬ್ಬೆಟ್ಟು. ಇಷ್ಟು ದಿನ ಕಚೇರಿಯ ಮಬ್ಬಿನಲ್ಲಿ ನೋಡಿದ್ದ, ಈಗ ಬಿಸಿಲಲ್ಲಿ ನೇರಳೆ ಬಣ್ಣದ ಮೇಲೆ ಹಸಿರು ಬಂಗಾರದಂಥ ಹೊಳಪು ಕಂಡಿತು.

ಗೈಬುಸಾಬ ಓರೆಗಣ್ಣಿನಲ್ಲಿ ನೋಡಿ, “ಅದು ಶಾಯಿ ಅಲ್ಲ ಬಿಡ್ರಿ,” ಎಂದ. “ಗಾಯಕ್ಕ ಹಚ್ಚೂ ನೀಲಿ ಔಷಧ. ನನ್ನ ಮೊಣಕಾಲಿಗಿ ಕಂಪೌಂಡರ ಹಚ್ಚಿದ್ದ. ಒಣಗಿದ ಮ್ಯಾಲ ಹಿಂಗ ಹೊಳೀತೈತಿ.”

“ನನಗ ಗೊತ್ತಿತ್ತು,” ಎಂದ ರಾಚಪ್ಪ. ಗೊತ್ತಿರಲಿಲ್ಲ.

ಹಾಗಾದರೆ ಹೆಬ್ಬೆಟ್ಟು ಒತ್ತಿದ್ದು ಇಂಗಳೇಶ್ವರದ ಯಾವ ಓಣಿಯಲ್ಲೂ ಅಲ್ಲ, ಬಾಗೇವಾಡಿ ದವಾಖಾನೆಯ ಔಷಧದ ಕೋಣೆಯಲ್ಲಿ. ಆ ಕೋಣೆಯ ಬೀಗದ ಕೈ ಇರುವುದು ಕಂಪೌಂಡರ್ ಚಂದ್ರಾಮನ ಹತ್ತಿರ. ಗಾಜಿಗೆ ನಂಬರು ಹಾಕುವವನೂ ಅವನೇ. ಗಂಡಸು ಪರದೆಯ ಒಳಗೆ ಹೋಗುವಂತಿಲ್ಲ, ಹೊರಗೆ ಕುಳಿತು ಚೀಟಿಯ ಸರದಿಯಂತೆ ನಂಬರು ಬರೆಯುತ್ತಾನೆ. ಮೊದಲು ಹೊರಬಂದ ಗಾಜಿಗೆ ಮೊದಲನೆಯ ಚೀಟಿಯ ಹೆಸರು. ಒಳಗೆ ಮಲಗಿದ್ದವಳು ಯಾರು ಎಂದು ಅವನಿಗೇನು ಗೊತ್ತು?

ಸಿಂದಗಿಯ ಸಾಲೆಯ ಅಂಗಳದಲ್ಲಿ ಎಪ್ಪತ್ತು ಹೆಂಗಸರು ಚೀಟಿ ಹಿಡಿದು ಕುಳಿತಿದ್ದರು. ಶಂಕ್ರೆವ್ವ ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಿದ್ದಳು. ನಲವತ್ತು ವರ್ಷದ, ಎತ್ತರದ ಹೆಂಗಸು. ಬಿಳಿ ಸೀರೆ, ಮೊಣಕೈವರೆಗೆ ಏರಿಸಿದ ರವಿಕೆಯ ತೋಳು.

“ಬಾಯಾಗಿನ ಹುಣ್ಣ ಹದಿನೈದ ದಿನಕ್ಕ ಮಾಯದಿದ್ರ ನನ್ನ ಹಂತ್ಯಾಕ ಬರ್ರಿ. ತಂಬಾಕ ಗಲ್ಲದಾಗ ಇಟಗೊಂಡು ಮಲಗಬ್ಯಾಡ್ರಿ. ಮುದಕವ್ವಾ, ನೀ ಈಗ ನುಂಗಬ್ಯಾಡ, ಹೊರಗ ಉಗಳಿ ಬಾ.”

ಮುಂದಿನ ಸಾಲಿನ ಮುದುಕಿ ಕೈ ಅಡ್ಡ ಹಿಡಿದು ಎದ್ದಳು. ಎಲ್ಲರೂ ನಕ್ಕರು. ರಾಚಪ್ಪನಿಗೂ ನಗು ಬರಬೇಕಿತ್ತು, ಬರಲಿಲ್ಲ.

ಮಾಸ್ತರರ ಕೋಣೆಗೆ ಶಂಕ್ರೆವ್ವನನ್ನೂ ಚಂದ್ರಾಮನನ್ನೂ ಕರೆದು ಅವನು ಬಾಗಿಲು ಹಾಕಿಕೊಂಡ. ಕಾರ್ಡನ್ನು ಮೇಜಿನ ಮೇಲಿಟ್ಟ.

“ಚಂದ್ರಾಮ, ಹೆಬ್ಬೆಟ್ಟ ತೋರಸು.”

ಚಂದ್ರಾಮ ಕೈಯನ್ನು ಹಿಂದಕ್ಕೆ ಒಯ್ದ. ಹೆದರಿದಾಗ ನಿಜವಾದ ಕಳ್ಳನೂ ಇಷ್ಟು ಚಂದಾಗಿ ಒಪ್ಪಿಕೊಳ್ಳುವುದಿಲ್ಲ.

“ಅಂವನ್ನ ಬಿಡ್ರಿ ಫೌಜದಾರ್ರ,” ಎಂದಳು ಶಂಕ್ರೆವ್ವ. ಅವಳ ದನಿ ಅಂಗಳದಲ್ಲಿ ಇದ್ದಷ್ಟೇ ಗಟ್ಟಿಯಾಗಿತ್ತು. “ಒತ್ತಿದಾಂವ ಅಂವ. ಒತ್ತಿಸಿದಾಕಿ ನಾನು.”

“ಲಕ್ಕವ್ವ ಸಿಕ್ಕಾಳ. ಹಲಸಂಗ್ಯಾಗ ರೊಟ್ಟಿ ಬಡ್ಯಾಕತ್ತಾಳ.”

“ಆರಾಮ ಅದಾಳೇನ್ರಿ?”

“ಆಕಿ ಆರಾಮ ಅದಾಳ. ಆರಾಮ ಇಲ್ಲದಾಕಿ ನನ್ನ ಮುಂದ ನಿಂತಾಳ.”

ಶಂಕ್ರೆವ್ವ ಮೇಜಿಗೆ ಕೈ ಊರಿದಳು. ಚಂದ್ರಾಮ ನೆಲ ನೋಡುತ್ತ ಬಡಬಡಿಸತೊಡಗಿದ. ಬೆಂಗಳೂರಿನ ಕಾಗದ ಬಂದ ದಿನ ಅದನ್ನು ಶಂಕ್ರೆವ್ವಬಾಯಿಗೆ ಓದಿ ಹೇಳಿದ್ದ. ಒಂದನೇ ನಂಬರು ಎನ್ನುತ್ತಲೇ ಅವರು ಕುರ್ಚಿಯಲ್ಲಿ ಕುಳಿತುಬಿಟ್ಟರು. ಆಗಲೇ ಅವನಿಗೆ ತನ್ನ ತಪ್ಪು ತಿಳಿದದ್ದು. ನೌಕರಿ ಹೋಗುತ್ತದೆ ಎಂದು ಹೆದರಿ, ಹೇಳಿದಲ್ಲಿ ಹೆಬ್ಬೆಟ್ಟು ಒತ್ತಿದ್ದ.

“ನಿನ್ನ ನೌಕರಿ ಮಾತ ಆಮ್ಯಾಲ,” ಎಂದು ಅವನನ್ನು ಸುಮ್ಮನಾಗಿಸಿ ರಾಚಪ್ಪ ನರ್ಸಿನ ಕಡೆ ತಿರುಗಿದ. “ಬಾಯಾರ, ಕಾಗದ ಬಂದು ನಲವತ್ತ ದಿನ ಆತು. ಯಾಕ ಮುಚ್ಚಿದ್ರಿ?”

“ಇಂಗಳೇಶ್ವರದಾಗ ಮೊದಲನೇ ದಿನ ಏನಾತು ಗೊತ್ತೇನ್ರಿ ನಿಮಗ? ಮುಂಜಾನಿಂದ ಹನ್ನೊಂದರ ತನಕ ಒಬ್ಬಾಕಿ ಪರದೆ ಸರಸಲಿಲ್ಲ. ನಾ ಮಲಗಿ ಎದ್ದ ಹೊರಗ ಬಂದೆ. ನೋಡ್ರಿ, ನನಗೇನಾತು ಅಂದೆ. ಆ ಮಾತಿನ ಮ್ಯಾಲ ಇನ್ನೂರ ಹನ್ನೊಂದ ಮಂದಿ ಬಂದ್ರು.” ಅವಳು ಬಾಗಿಲ ಕಡೆ ಕೈ ಮಾಡಿದಳು. “ಇಲ್ಲೆ ಕುಂತವರೂ ಆ ಸುದ್ದಿ ಕೇಳೇ ಬಂದವರು. ಈಗ ನನಗ ರೋಗ ಬಂದೈತಿ ಅಂದ್ರ ಏನಂತಾರ? ತಪಾಸಣಿ ಮಾಡಿಸ್ಕೊಂಡಿದ್ದಕ್ಕ ಬಂತು ಅಂತಾರ. ಆಮ್ಯಾಲ ನಾಕೂ ತಾಲೂಕಿನ್ಯಾಗ ಒಂದ ಬಾಗಲಾ ತಗ್ಯಾಂಗಿಲ್ಲ.”

“ಅದಕ್ಕ ಲಕ್ಕವ್ವನ್ನ ಕೊಂದ್ರಿ.”

“ಕಾಗದದ ಮ್ಯಾಲ. ಇನ್ನ ಹನ್ನೆರಡ ದಿನ. ಇಂಡಿ ಐತಿ, ಮುದ್ದೇಬಿಹಾಳ ಐತಿ, ಕಡೀಕ ನಾಲತವಾಡ. ಅದು ಮುಗದ ಮ್ಯಾಲ ನಾನ ಬೆಂಗಳೂರಿಗಿ ಹೋಗ್ತಿದ್ದೆ.”

“ಹಾಸಿಗಿ ಸೋಮವಾರದ ತನಕ ಐತಿ.”

“ನನಗ್ಯಾರೂ ಹೇಳಿಲ್ಲ ಅದನ್ನ.”

“ಸತ್ತವರಿಗಿ ಯಾರ ಹೇಳ್ತಾರ ಬಾಯಾರ?”

ಆ ಮಾತು ಅವಳಿಗೆ ತಾಗಿತು. ರಾಚಪ್ಪ ಅಲ್ಲಿಗೇ ಬಿಡಲಿಲ್ಲ. ಮೂವತ್ತು ವರ್ಷ ಠಾಣೆಯಲ್ಲಿ ಮಂದಿಯ ಬಾಯಿ ಬಿಡಿಸಿದವನು, ಬಿಸಿ ಇದ್ದಾಗ ಬಡಿಯುವುದು ಅವನಿಗೆ ಗೊತ್ತಿತ್ತು.

“ಒಂದ ಕೇಳ್ತೇನಿ. ಹೊರಗ ನೀವೇನ ಹೇಳಾಕತ್ತೀರಿ? ಲಗೂನ ಸಿಕ್ಕರ ಗುಣ ಆಗ್ತೈತಿ ಅಂತ. ಹೌದಲ್ಲೋ?”

“ಹೌದ್ರಿ.”

“ಅದನ್ನ ನೀವ ನಂಬ್ತೀರೇನು, ಇಲ್ಲ ಬರೇ ಅವರಿಗಿ ಹೇಳಾಕ ಅಷ್ಟ?”

ಶಂಕ್ರೆವ್ವ ಕುರ್ಚಿ ಎಳೆದು ಕುಳಿತಳು. ಅವಳು ಅಳಲಿಲ್ಲ, ಆದರೆ ಮುಖ ಸಣ್ಣ ಹುಡುಗಿಯದಾಗಿತ್ತು.

“ಹಗಲಿನ್ಯಾಗ ನಂಬ್ತೇನ್ರಿ. ಮಂದಿ ನಡುವ ಇದ್ದಾಗ ಪೂರಾ ನಂಬ್ತೇನಿ. ಮನಿಗಿ ಹೋಗಿ ದೀಪ ಆರಿಸಿದ ಕೂಡ್ಲೇ ಅಂಜಿಕಿ ಆಗ್ತೈತಿ. ಈ ಹನ್ನೆರಡ ದಿನ ಅಂದದ್ದು ಅರ್ಧ ಈ ಹೆಣ್ಮಕ್ಕಳ ಸಲುವಾಗಿ. ಅರ್ಧ ನನ್ನ ಅಂಜಿಕಿ. ಖರೆ ಹೇಳಬೇಕಲ್ಲ.”

“ಅಂಜೂದು ತಪ್ಪಲ್ಲ. ಅಂಜಿ ಬಂದವರನ್ನ ನೀವ ಬೈದೀರೇನು ಯಾವಾಗರ?”

“ಇಲ್ರಿ.”

“ಮತ್ತ ಏಳ್ರಿ. ನೀವು ಗುಣ ಆಗಿ ತಿರುಗಿ ಬಂದು ಈ ಮೆಟ್ಟಲಾ ಮ್ಯಾಲ ನಿಂತ್ರ, ಎಪ್ಪತ್ತಲ್ಲ, ಏಳನೂರ ಮಂದಿ ಬರ್ತಾರ. ಬೆಂಗಳೂರಿನವರು ಎಷ್ಟ ಭಿತ್ತಿಪತ್ರ ಅಚ್ಚ ಹಾಕಿಸಿದ್ರೂ ಅದಕ್ಕ ಸರಿ ಆಗೂದಿಲ್ಲ.”

ಇದನ್ನು ಹೇಳುವಾಗ ರಾಚಪ್ಪನಿಗೆ ಕೊಂಚವೂ ಅನುಮಾನವಿರಲಿಲ್ಲ. ಅವನ ಧೈರ್ಯ ಅವಳಿಗೂ ತಗುಲಿರಬೇಕು. ಅವಳು ಎದ್ದು ಸೆರಗು ಬಿಗಿದಳು.

“ಬಿಜಾಪುರದ ರೈಲು ಎಷ್ಟಕ್ಕ?”

“ಸಂಜಿಗಿ. ಇದ ಕಡೀದು. ಬೆಂಗಳೂರ ಮುಟ್ಟಾಕ ಎರಡ ರಾತ್ರಿ ಬೇಕು, ಇದು ತಪ್ಪಿದ್ರ ಸೋಮವಾರ ಮುಂಜಾನಿ ಮುಟ್ಟೂದಿಲ್ಲ.”

“ಈಗ ಹನ್ನೆರಡಾತು. ಮೂರರ ತನಕ ಈ ಎಪ್ಪತ್ತ ಮಂದಿದು ಮುಗಸ್ತೇನಿ. ಆಮ್ಯಾಲ ನಿಮ್ಮ ಜೀಪ ಹತ್ತತೇನಿ. ಇಂಡಿಗಿ ಡಾಕ್ಟರಬಾಯಿ ಹೋಗ್ಲಿ. ಚಂದ್ರಾಮ, ಇನ್ನ ಮ್ಯಾಲ ಗಾಜಿನ ಸಂಗಾಟ ಚೀಟೀನೂ ಪರದೆದೊಳಗಿಂದ ಬರಬೇಕು, ನಂಬರ ಹಾಕೂಕಿಂತ ಮೊದಲ ಹೆಸರ ಕೂಗಿ ಕೇಳು. ತವರ ಯಾವದು, ಗಂಡನ ಮನಿ ಯಾವದು, ಎರಡೂ ಬರಿ.”

ಅರ್ಧ ನಿಮಿಷದಲ್ಲಿ ಅವಳು ಮತ್ತೆ ಹಳೆಯ ಶಂಕ್ರೆವ್ವ. ರಾಚಪ್ಪನ ಎದೆ ಹಗುರಾಯಿತು. ಬೆಂಗಳೂರಿಗೆ ತಂತಿ ಕೊಟ್ಟು, ಆರೋಗ್ಯಾಧಿಕಾರಿಗೆ ಫೋನು ಮಾಡಿ, ಸಂಜೆಯ ಹೊತ್ತಿಗೆ ಈ ಪ್ರಕರಣ ಮುಗಿಸಿ ಮನೆಗೆ ಹೋಗಿ ಮಲಗುವುದೆಂದು ಅವನು ಲೆಕ್ಕ ಹಾಕಿದ. ನಗುತ್ತಲೇ ಬಾಗಿಲು ತೆಗೆದ.

ಅಂಗಳ ಖಾಲಿಯಾಗಿತ್ತು.

ಎಪ್ಪತ್ತು ಜನರಲ್ಲಿ ಒಬ್ಬಳೂ ಇರಲಿಲ್ಲ. ನೆಲದ ತುಂಬ ಚೀಟಿಗಳು ಬಿದ್ದಿದ್ದವು. ಪರದೆಯ ಕೋಣೆಯ ಹೊಸ್ತಿಲಲ್ಲಿ ಡಾಕ್ಟರಬಾಯಿ ಕೈಗವಸು ಹಾಕಿಕೊಂಡು ದಿಕ್ಕು ತೋಚದೆ ನಿಂತಿದ್ದಳು. ಗೈಬುಸಾಬ ನೀರಿನ ಡಬ್ಬಿ ಹಿಡಿದು ಓಡುತ್ತ ಬಂದ.

“ಜೀಪಿಗಿ ನೀರ ತರಾಕ ಬಾವಿಗಿ ಹೋಗಿದ್ನಿರಿ. ತಿರುಗಿ ಬರೂದ್ರಾಗ ಎಲ್ಲಾರೂ ಗೇಟ ದಾಟಿದ್ರು. ಸೈಕಲ್ ಮ್ಯಾಲ ಯಾವನೋ ಒಬ್ಬಾಂವ ಬಂದು ಏನೋ ಓದಿ ಹೇಳಿದ ಅಂತ. ಓದಿದ್ದನ್ನ ಅಲ್ಲೆ ಸಿಗಿಸಿ ಹೋಗ್ಯಾನ್ರಿ.”

ಅವನು ತೋರಿಸಿದ್ದು ಪರದೆಯ ಕೋಣೆಯ ಬಾಗಿಲನ್ನು. ಚೌಕಟ್ಟಿನ ಸಂದಿಯಲ್ಲಿ ಒಂದು ಕಾರ್ಡಿತ್ತು. ರಾಚಪ್ಪ ಜೇಬು ಮುಟ್ಟಿ ನೋಡಿಕೊಂಡ. ಜೇಬು ಖಾಲಿ. ಅವನ ಕಾರ್ಡು ಮಾಸ್ತರರ ಮೇಜಿನ ಮೇಲೆಯೇ ಇತ್ತು. ಇದು ಬೇರೆ, ಆದರೆ ಅದೇ ಸರಕಾರಿ ಕಾರ್ಡು.

ಶಂಕ್ರೆವ್ವ ಅವನಿಗಿಂತ ಮೊದಲೇ ಹೋಗಿ ಅದನ್ನು ಕಿತ್ತುಕೊಂಡಳು. ಗಟ್ಟಿಯಾಗಿಯೇ ಓದಿದಳು.

“ಶಂಕ್ರೆವ್ವ, ನರ್ಸು, ಮುಕ್ಕಾಮ ಬಸವನ ಬಾಗೇವಾಡಿ. ಗಾಜಿನ ನಂಬರು ಒಂದು. ಮರಣ.”

“ತಾರೀಖು?” ಎಂದ ರಾಚಪ್ಪ.

“ನಾಡಿದ್ದ ಸೋಮವಾರದ್ದು.”

ಅವಳು ಮೊದಲು ಮಲಗಿದ್ದನ್ನು ಡಾಕ್ಟರಬಾಯಿಯೂ ಮಂದಿಯೂ ಬಲ್ಲರು, ಆದರೆ ರೋಗ ಸಿಕ್ಕ ಒಂದನೇ ಗಾಜು ಅವಳದೆಂದು ಬಲ್ಲವರು ಚಂದ್ರಾಮ, ಶಂಕ್ರೆವ್ವ, ಮತ್ತು ಈ ಮುಂಜಾನೆಯಿಂದ ರಾಚಪ್ಪ. ಮೂವರೂ ಹಾಕಿದ ಬಾಗಿಲಿನ ಒಳಗಿದ್ದರು. ಹಾಸಿಗೆಯ ಸೋಮವಾರದ ಗಡುವು ಚಂದ್ರಾಮನಿಗೂ ಮಾಸ್ತರರ ಕೋಣೆಯಲ್ಲಿ ಈಗಷ್ಟೇ ತಿಳಿದದ್ದು. ಹೊರಗೆ ಇನ್ನೊಬ್ಬನಿದ್ದಾನೆ. ಅವನಿಗೆ ಇಂಥ ಕಾರ್ಡು ಇಡುವ ಬಾಗೇವಾಡಿಯ ಔಷಧದ ಕೋಣೆಯೂ ಗೊತ್ತು, ಹಾಸಿಗೆಯ ಗಡುವು ಬರೆದ ಬೆಂಗಳೂರಿನ ಕಾಗದವೂ ಗೊತ್ತು.

“ಗೈಬುಸಾಬ, ಗಾಡಿ ಹಚ್ಚು,” ಎಂದಳು ಶಂಕ್ರೆವ್ವ. “ಅವರು ನಡಕೋತ ಹೋಗ್ಯಾರ, ಬಾಳ ದೂರ ಹೋಗಿರಂಗಿಲ್ಲ. ಹಿಡದು ನಿಂದರಸ್ತೇನಿ.”

“ಬಾಯಾರ, ಅವರೊಂದೊಂದ ದಾರಿ ಹಿಡದಿರ್ತಾರ. ಅವ್ರ ಹಿಂದ ಹೋದ್ರ ಸಂಜಿ ಆಗ್ತೈತಿ,” ಎಂದ ರಾಚಪ್ಪ. “ರೈಲು ತಪ್ಪತೈತಿ.”

“ನಾ ಈಗ ರೈಲ ಹತ್ತಿದ್ರ ಏನಂತಾರ? ಬಾಯಿ ಓಡಿ ಹೋದ್ಲು, ಓದಿದ್ದು ಸುಳ್ಳಲ್ಲ ಅಂತಾರ. ಹೋದ್ರ ಈ ಕಾರ್ಡ ಖರೆ ಆಗ್ತೈತ್ರಿ ಫೌಜದಾರ್ರ.”

“ಹೋಗದಿದ್ರೂ ಖರೆ ಆಗ್ತೈತಿ,” ಎಂದ ರಾಚಪ್ಪ.

ಗೈಬುಸಾಬ ಇಂಜಿನ್ನು ಚಾಲೂ ಮಾಡಿ, ಯಾವ ಕಡೆ ತಿರುಗಿಸಲಿ ಎಂದು ಇಬ್ಬರ ಮುಖವನ್ನೂ ನೋಡಿದ.